ಮೊದಲ ಪ್ರಶ್ನೆ ಗರ್ಭಕೋಶದ್ದು

"ಅದು ಕ್ಯಾನ್ಸರ್ ತರೋ ಮಾತ್ರೆ ಅಲ್ವಾ ಡಾಕ್ಟ್ರೇ?"

ಮುಟ್ಟು ನಿಲ್ಲುವ ಕಾಲದಲ್ಲಿ ರಾತ್ರಿ ಮೂರು ಸಲ ಬೆವರಿ ಎದ್ದು ಕೂರುವ ಹೆಂಗಸರೂ ಹಾರ್ಮೋನ್ ಚಿಕಿತ್ಸೆಯ ಮಾತು ತೆಗೆದ ಕೂಡಲೇ ಕೇಳುವುದು ಇದನ್ನೇ. ಭಯ ಹುಟ್ಟಿದ್ದು 2002ರಲ್ಲಿ, ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅಧ್ಯಯನದ ಒಂದು ಭಾಗವನ್ನು ನಡುವೆಯೇ ನಿಲ್ಲಿಸಿದಾಗ. ಸ್ತನ ಕ್ಯಾನ್ಸರ್ ಹೆಚ್ಚಿತೆಂಬ ಸುದ್ದಿ ಎಲ್ಲರನ್ನೂ ತಲುಪಿತು. ಅದರಲ್ಲಿದ್ದವರ ಸರಾಸರಿ ವಯಸ್ಸು 63 ಎಂಬುದು ತಲುಪಲಿಲ್ಲ. ಈಸ್ಟ್ರೋಜನ್, ಪ್ರೊಜೆಸ್ಟರಾನ್ ಬಗೆಯದು ಎಂಬ ಎರಡು ಹಾರ್ಮೋನ್ ಸೇರಿದ ಮಾತ್ರೆ ನುಂಗಿದ 10,000 ಮಂದಿಯಲ್ಲಿ ವರ್ಷಕ್ಕೆ ಸುಮಾರು 8 ಮಂದಿಗೆ ಹೆಚ್ಚುವರಿಯಾಗಿ ರೋಗ ಬಂದಿತ್ತು. ಗರ್ಭಕೋಶ ತೆಗೆಸಿಕೊಂಡು ಬರೀ ಈಸ್ಟ್ರೋಜನ್ ಪಡೆದವರಲ್ಲಿ ಅದು ಹೆಚ್ಚಲಿಲ್ಲ.

ಹಾಗಾಗಿಯೇ ನನ್ನ ಮೊದಲ ಪ್ರಶ್ನೆ: ಗರ್ಭಕೋಶ ಇದೆಯೇ? ಇದ್ದರೆ ಈಸ್ಟ್ರೋಜನ್ ಒಂದನ್ನೇ ಕೊಡುವಂತಿಲ್ಲ. ಒಳಪದರ ದಪ್ಪವಾಗುತ್ತಾ ಹೋಗಿ ಕ್ಯಾನ್ಸರಿಗೆ ದಾರಿಯಾಗಬಹುದು. ಅದನ್ನು ಕಾಯಲು ಪ್ರೊಜೆಸ್ಟರಾನ್ ಬೇಕು. ತೂಕಡಿಕೆ ಬರುತ್ತದೆಂದು ಇದೊಂದನ್ನೇ ಬಿಟ್ಟುಬಿಡುವವರಿದ್ದಾರೆ. ಬಿಡಬೇಡಿ, ಮಲಗುವಾಗ ನುಂಗಿ. ಆ ತೂಕಡಿಕೆಯೇ ಆಗ ಉಪಯೋಗಕ್ಕೆ ಬರುತ್ತದೆ.

ಎರಡನೆಯದು ವಯಸ್ಸು. 60 ದಾಟಿಲ್ಲ, ಅಥವಾ ಮುಟ್ಟು ನಿಂತು 10 ವರ್ಷವಾಗಿಲ್ಲ, ಬೇರೆ ಅಡ್ಡಿಯೂ ಇಲ್ಲ ಎಂದಾದರೆ, ಮೈ ಬಿಸಿಯೇರಿ ಬೆವರುವ ಕಾಟಕ್ಕೆ ಇದರಷ್ಟು ಕೆಲಸ ಮಾಡುವ ಔಷಧ ಬೇರೆ ಇಲ್ಲ. ಮೂಳೆ ಸವೆತವೂ ತಗ್ಗುತ್ತದೆ. ಸ್ತನ ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು, ಲಿವರಿನ ತೀವ್ರ ಕಾಯಿಲೆ ಇದ್ದವರಿಗೆ ಸಾಮಾನ್ಯವಾಗಿ ನಾನು ಕೊಡುವುದಿಲ್ಲ. ಅವರಿಗೆ ಹಾರ್ಮೋನ್ ಅಲ್ಲದ ಔಷಧಗಳಿವೆ. ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಚರ್ಮಕ್ಕೆ ಅಂಟಿಸುವ ಪ್ಯಾಚ್, ಹಚ್ಚುವ ಜೆಲ್‌ಗಳಲ್ಲಿ ಕಡಿಮೆ. ಅವು ಮೊದಲು ಲಿವರ್ ಹಾದು ಹೋಗುವುದಿಲ್ಲ. ತೂಕ ಹೆಚ್ಚಿದವರಿಗೆ, ಮೈಗ್ರೇನ್ ಇರುವವರಿಗೆ ನಾನು ಬರೆಯುವುದು ಅದನ್ನೇ.

ಯೋನಿ ಒಣಗಿ ಉರಿಯುವುದಷ್ಟೇ ತೊಂದರೆಯೇ? ಅಲ್ಲಿಗೇ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಸಾಕು. ಎಷ್ಟೋ ಮಂದಿ ಇದನ್ನು ವರ್ಷಗಟ್ಟಲೆ ಬಾಯಿಬಿಟ್ಟು ಹೇಳುವುದೇ ಇಲ್ಲ.

ಇನ್ನು, 45 ದಾಟಿದವರು ಹಾರ್ಮೋನ್ ಪರೀಕ್ಷೆಯ ಚೀಟಿ ಹಿಡಿದು ಬರುವುದು. ಈ ಹಂತದಲ್ಲಿ ಆ ಅಂಕಿ ಇಂದೊಂದು, ನಾಳೆಯೊಂದು. ಲಕ್ಷಣ ಕೇಳಿದರೆ ಸಾಕು. 40ಕ್ಕೆ ಮೊದಲೇ ಮುಟ್ಟು ನಿಂತವರ ವಿಷಯ ಮಾತ್ರ ಬೇರೆ: ಅವರಿಗೆ ಪರೀಕ್ಷೆಯೂ ಬೇಕು, ಅಡ್ಡಿಯಿಲ್ಲದಿದ್ದರೆ 50ರ ಆಸುಪಾಸಿನವರೆಗೆ ಹಾರ್ಮೋನೂ ಬೇಕು.

ಶುರು ಮಾಡಿದವರನ್ನು ಮೂರು ತಿಂಗಳಿಗೆ ಮತ್ತೆ ಕರೆಯುತ್ತೇನೆ. ಆಮೇಲೆ ವರ್ಷಕ್ಕೊಮ್ಮೆ, ಮುಂದುವರಿಸುವುದೋ ಬಿಡುವುದೋ ಎಂದು ಕೂತು ಮಾತಾಡಲು. ಹಾರ್ಮೋನ್ ತೆಗೆದುಕೊಳ್ಳದವರಿಗೂ ಒಂದು ಮಾತು ಹೇಳಿ ಕಳಿಸುತ್ತೇನೆ: ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಬನ್ನಿ, ಕಾಯಬೇಡಿ.