ವಾಷಿಂಗ್ಟನ್‌ಗೂ ಮೊದಲು ಅಮೆರಿಕವನ್ನು ಆಳಿದವರು ಯಾರು?

ಪ್ರಶ್ನೆ: ಅಮೆರಿಕ ಸ್ವಾತಂತ್ರ್ಯ ಘೋಷಿಸಿಕೊಂಡದ್ದು 1776ರಲ್ಲಿ. ಜಾರ್ಜ್ ವಾಷಿಂಗ್ಟನ್ ಅಧ್ಯಕ್ಷರಾದದ್ದು 1789ರಲ್ಲಿ. ನಡುವಿನ 13 ವರ್ಷ ಆ ದೇಶವನ್ನು ಆಳಿದವರು ಯಾರು?

ಉತ್ತರ: ಹೆಸರಿಗೆ ಕಾಂಗ್ರೆಸ್ ಎಂಬ ಸಭೆ, ವಾಸ್ತವದಲ್ಲಿ 13 ರಾಜ್ಯಗಳು, ತಮಗೆ ತೋಚಿದಂತೆ. ದೊರೆಯ ಹಿಡಿತದಿಂದ ಆಗಷ್ಟೇ ಬಿಡಿಸಿಕೊಂಡಿದ್ದವರಿಗೆ ಮತ್ತೊಂದು ಬಲಾಢ್ಯ ಸರ್ಕಾರ ಬೇಕಿರಲಿಲ್ಲ. ಹಾಗಾಗಿ 1781ರಲ್ಲಿ ಜಾರಿಗೆ ಬಂದ ಒಕ್ಕೂಟದ ನಿಯಮಾವಳಿಯಲ್ಲಿ, ಅಂದರೆ ಆ ದೇಶದ ಮೊದಲ ಸಂವಿಧಾನದಲ್ಲಿ, ಕಾರ್ಯಾಂಗವೆಂಬುದೇ ಇರಲಿಲ್ಲ. ಜಾನ್ ಹ್ಯಾನ್ಸನ್ ಅವರೇ ನಿಜವಾದ ಮೊದಲ ಅಧ್ಯಕ್ಷರೆಂದು ವಾದಿಸುವವರು ಇಂದಿಗೂ ಸಿಗುತ್ತಾರೆ. ಆದರೆ ಅವರು ಕಾಂಗ್ರೆಸ್ಸಿನ ಕಲಾಪ ನಡೆಸುತ್ತಿದ್ದ ಸಭಾಧ್ಯಕ್ಷರು, ಅಷ್ಟೇ.

ನನ್ನ ಪ್ರಕಾರ ಎಲ್ಲ ತಾಪತ್ರಯದ ಬೇರು ದುಡ್ಡಿನಲ್ಲಿತ್ತು. ತೆರಿಗೆ ಹಾಕುವ ಅಧಿಕಾರ ಕಾಂಗ್ರೆಸ್ಸಿಗೆ ಇರಲಿಲ್ಲ. ರಾಜ್ಯಗಳ ಮುಂದೆ ಕೈಚಾಚಬೇಕಿತ್ತು. ಆಮದಿನ ಮೇಲೆ ಶೇ. 5 ಸುಂಕ ಹಾಕಲು ಹೊರಟಾಗ ಪುಟ್ಟ ರೋಡ್ ಐಲೆಂಡ್ ಒಂದೇ ಅಡ್ಡಗಾಲು ಹಾಕಿತು. ನಿಯಮಾವಳಿ ತಿದ್ದಲು ಎಲ್ಲ ರಾಜ್ಯಗಳ ಒಪ್ಪಿಗೆ ಬೇಕಿದ್ದುದರಿಂದ ಅಲ್ಲಿಗೆ ಆ ಮಾತು ಮುಗಿಯಿತು. 1783ರ ಜೂನ್‌ನಲ್ಲಿ ಸಂಬಳ ಸಿಗದ ಸೈನಿಕರು ಬಂದೂಕು ಹಿಡಿದು ಫಿಲಡೆಲ್ಫಿಯಾದ ಸರ್ಕಾರಿ ಭವನವನ್ನು ಸುತ್ತುವರಿದರು. ರಕ್ಷಣೆಗೆ ಪಡೆ ಕರೆಸಲು ಪೆನ್ಸಿಲ್ವೇನಿಯಾ ರಾಜ್ಯ ಒಪ್ಪಲಿಲ್ಲ. ಬ್ರಿಟನ್ನನ್ನು ಮಣಿಸಿದ ದೇಶದ ಕಾಂಗ್ರೆಸ್ ಊರು ಬಿಟ್ಟು ಪ್ರಿನ್ಸ್‌ಟನ್‌ಗೆ ಓಡಿತು!

1786ರಲ್ಲಿ ಮ್ಯಾಸಚೂಸೆಟ್ಸ್‌ನ ರೈತರು ಸಾಲ, ತೆರಿಗೆಗಳ ಹೊರೆ ತಾಳಲಾರದೆ ಕೋರ್ಟುಗಳಿಗೆ ಮುತ್ತಿಗೆ ಹಾಕಿದರು. ಅವರ ಮುಂದಾಳು ಡೇನಿಯಲ್ ಶೇಸ್ ಸ್ವಾತಂತ್ರ್ಯ ಯುದ್ಧದಲ್ಲಿ ಕಾದಾಡಿದ್ದವನು. ದಂಗೆ ಅಡಗಿಸಲು ಕಾಂಗ್ರೆಸ್ಸಿನ ಕೈಯಲ್ಲಿ ಏನೂ ಆಗಲಿಲ್ಲ. ಬಾಸ್ಟನ್ನಿನ ವರ್ತಕರು ಹಣ ಹಾಕಿ ಪಡೆ ಕಟ್ಟಿಸಬೇಕಾಯಿತು. ಉಳ್ಳವರಿಗೆ ದಿಗಿಲು ಹುಟ್ಟಿದ್ದು ಆಗಲೇ.

1787ರ ಮೇ ತಿಂಗಳಲ್ಲಿ ಫಿಲಡೆಲ್ಫಿಯಾದಲ್ಲಿ ಪ್ರತಿನಿಧಿಗಳು ಸೇರಿದ್ದು ಹಳೆಯ ನಿಯಮಾವಳಿಯನ್ನು ತಿದ್ದುವುದಕ್ಕಷ್ಟೇ. ಅವರೋ ಬಾಗಿಲು ಮುಚ್ಚಿಕೊಂಡು ಹೊಸ ಸಂವಿಧಾನವನ್ನೇ ಬರೆದರು. ಜನಸಂಖ್ಯೆಗೆ ತಕ್ಕಂತೆ ಒಂದು ಸದನ, ರಾಜ್ಯಗಳಿಗೆ ಸಮಪಾಲಿನ ಇನ್ನೊಂದು ಸದನ ಎಂಬ ರಾಜಿ ಜಾಣತನದ್ದು. ಗುಲಾಮರಿಗೆ ಮತದ ಹಕ್ಕಿಲ್ಲದಿದ್ದರೂ ಸ್ಥಾನ ಹಂಚಿಕೆಗೆ ಅವರ ಸಂಖ್ಯೆಯ ಐದರಲ್ಲಿ ಮೂರು ಪಾಲನ್ನು ಲೆಕ್ಕಕ್ಕೆ ಹಿಡಿದ ರಾಜಿ ನಾಚಿಕೆಗೇಡಿನದು.

ಸರ್ವಾನುಮತದ ಹಳೆಯ ನಿಯಮವನ್ನೂ ಅವರು ಬದಿಗಿಟ್ಟರು: ಒಂಬತ್ತು ರಾಜ್ಯಗಳು ಒಪ್ಪಿದರೆ ಆ ಒಂಬತ್ತರ ಮಟ್ಟಿಗೆ ಸಂವಿಧಾನ ಜಾರಿ. ಕಟ್ಟುನಿಟ್ಟಾಗಿ ನೋಡಿದರೆ ಇದು ಕಾನೂನುಬಾಹಿರವೇ. ಆದರೆ ಒಪ್ಪಿಗೆಯನ್ನು ರಾಜ್ಯಗಳ ಶಾಸನಸಭೆಗಳಿಂದ ಕೇಳದೆ, ಅದಕ್ಕೆಂದೇ ಚುನಾಯಿತವಾದ ಸಮಾವೇಶಗಳಿಂದ ಪಡೆದದ್ದು ಅದಕ್ಕೊಂದು ಬಲ ಕೊಟ್ಟಿತು. 1788ರ ಜೂನ್ 21ರಂದು ನ್ಯೂ ಹ್ಯಾಂಪ್‌ಶೈರ್ ಒಂಬತ್ತನೆಯದಾಗಿ ಒಪ್ಪಿತು. ನ್ಯೂಯಾರ್ಕ್‌ನಲ್ಲಿ ಗೆದ್ದದ್ದು 30–27ರಿಂದ. ನಾಗರಿಕ ಹಕ್ಕುಗಳ ಮಾತೇ ಇಲ್ಲವಲ್ಲ ಎಂಬ ಆಕ್ಷೇಪ ಜೋರಾಗಿತ್ತು. ಅದರ ಫಲವೇ 1791ರ ಮೊದಲ ಹತ್ತು ತಿದ್ದುಪಡಿಗಳು.

ಫಿಲಡೆಲ್ಫಿಯಾಕ್ಕೆ ಪ್ರತಿನಿಧಿಯನ್ನೇ ಕಳಿಸದಿದ್ದ ರೋಡ್ ಐಲೆಂಡ್, ವಾಷಿಂಗ್ಟನ್ ಪ್ರಮಾಣವಚನ ಸ್ವೀಕರಿಸಿ ವರ್ಷ ಕಳೆದರೂ ಹೊರಗೇ ಇತ್ತು. ಅದರೊಡನೆ ವ್ಯಾಪಾರ ನಿಲ್ಲಿಸುವ ಮಸೂದೆಗೆ ಸೆನೆಟ್ ಅನುಮೋದನೆ ಕೊಟ್ಟ ಮೇಲೆ, 1790ರ ಮೇ 29ರಂದು, ಎರಡೇ ಮತಗಳ ಅಂತರದಲ್ಲಿ ಅದು ಒಳಗೆ ಬಂತು.