ಎಕರೆಗೆ ವರ್ಷಕ್ಕೊಂದು ರೂಪಾಯಿ

ಮೈಸೂರು ಸೀಮೆಯವರಿಗೆ ಹಚ್ಚುವುದೆಂದರೆ ದೀಪ, ಇಲ್ಲವೇ ಬೆಂಕಿ. ನಮ್ಮ ಉತ್ತರ ಕರ್ನಾಟಕದ ಕಡೆ ಹಚ್ಚುವುದೆಂದರೆ ನೆಡುವುದೂ ಹೌದು: ಸಸಿ ಹಚ್ಚುತ್ತಾರೆ, ಮೆಣಸಿನಕಾಯಿ ಅಗಿ ಹಚ್ಚುತ್ತಾರೆ. ಇದು ಗೊತ್ತಿಲ್ಲದ ಗೆಳೆಯರೊಬ್ಬರು ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹವೆಂದರೆ ಗಿಡ ಕಿತ್ತು ಬೆಂಕಿ ಇಟ್ಟ ಗಲಾಟೆ ಅಂದುಕೊಂಡಿದ್ದರು. ನಡೆದದ್ದು ಬೇರೆ. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಸುಮಾರು ಎರಡು ಸಾವಿರ ಜನ ಸೇರಿದರು. ನೂರರಷ್ಟು ನೀಲಗಿರಿ ಸಸಿ ಕಿತ್ತರು, ಆ ಜಾಗದಲ್ಲಿ ಹಣ್ಣು, ಮೇವು ಕೊಡುವ ಗಿಡ ಹಚ್ಚಿದರು.

ಆ ತಾರೀಖನ್ನು ಬೇಕೆಂದೇ ಆರಿಸಿದ್ದರು. ಸರಿಯಾಗಿ ಮೂರು ವರ್ಷದ ಹಿಂದೆ, 1984ರ ನವೆಂಬರ್ 14ರಂದು, ರಾಜ್ಯ ಸರ್ಕಾರವೂ ಬಿರ್ಲಾ ಸಮೂಹದ ಹರಿಹರ ಪಾಲಿಫೈಬರ್ಸ್ ಕಂಪನಿಯೂ ಒಪ್ಪಂದ ಮಾಡಿಕೊಂಡು ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಹುಟ್ಟುಹಾಕಿದ್ದವು. ಸರ್ಕಾರದ ಪಾಲು ಶೇ 51, ಕಂಪನಿಯದು ಶೇ 49. ರೇಯಾನ್ ಎಂಬ ಕೃತಕ ರೇಷ್ಮೆಯ ತಿರುಳಿಗೆ ಬೇಕಾದ ನೀಲಗಿರಿ ಬೆಳೆಯಲು ಹಲವು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಜಮೀನನ್ನು ನಲವತ್ತು ವರ್ಷಕ್ಕೆ ಗುತ್ತಿಗೆ ಕೊಡುವುದೆಂದು ಮಾತಾಯಿತು. ಬಾಡಿಗೆ ಎಕರೆಗೆ ವರ್ಷಕ್ಕೆ ಒಂದು ರೂಪಾಯಿ. ಬೆಳೆದ ಕಟ್ಟಿಗೆಯಲ್ಲಿ ಶೇ 87.5 ಕಂಪನಿಗೆ. ಉಳಿದ ಶೇ 12.5ನ್ನೂ ಅದೇ ಕೊಳ್ಳಬಹುದಿತ್ತು.

ಕಾಗದದಲ್ಲಿ ಅದು ಸರ್ಕಾರಿ ಜಮೀನು. ಊರಿನವರ ಬಾಯಲ್ಲಿ ಗಾಯರಾಣ, ಅಂದರೆ ಗೋಮಾಳ. ದನ ಅಲ್ಲಿ ಮೇಯುತ್ತಿದ್ದವು, ಒಲೆಗೆ ಪುಳ್ಳೆ ಅಲ್ಲಿಂದ ಬರುತ್ತಿತ್ತು, ಹೊಲವಿಲ್ಲದವರ ನಾಲ್ಕು ಆಡು ಬದುಕುತ್ತಿದ್ದದ್ದೂ ಅಲ್ಲೇ. ಅಂಥ ಕಡೆ ನೀಲಗಿರಿ ಬಂತು. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯನ್ನೇ ಸುಳ್ಳು ಮಾಡಿದ ಗಿಡ ಅದು. ಅದರ ಎಲೆಗೆ ಆಡೂ ಬಾಯಿ ಹಾಕುವುದಿಲ್ಲ.

ಈ ಒಪ್ಪಂದದಲ್ಲಿ ಕಳ್ಳತನವೇನೂ ಇರಲಿಲ್ಲ ಎಂಬುದು ನನಗೆ ಇಂದಿಗೂ ಮುಖ್ಯವಾಗಿ ಕಾಣುತ್ತದೆ. ಎಲ್ಲವೂ ಸಹಿ, ಮೊಹರು ಬಿದ್ದ ವ್ಯವಹಾರ. 1970ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಪತ್ರಿಕಾ ಲೇಖನವೊಂದರಲ್ಲಿ ಹೂಡಿದ ವಾದ ಪ್ರಸಿದ್ಧ: ಆಟದ ನಿಯಮ ಮೀರದೆ ಲಾಭ ಹೆಚ್ಚಿಸುವುದಷ್ಟೇ ಉದ್ಯಮದ ಸಾಮಾಜಿಕ ಹೊಣೆ, ಮಿಕ್ಕದ್ದನ್ನು ಸರ್ಕಾರ ನೋಡಿಕೊಳ್ಳಲಿ. ನಿಯಮ ಮಾಡುವವರು ಆಟದ ಹೊರಗೆ ನಿಂತಿದ್ದರೆ ಈ ವಾದಕ್ಕೆ ಬಲವಿದೆ. ಇಲ್ಲಿ ನ್ಯಾಯ ಹೇಳಬೇಕಾದ ಪಂಚರೇ ಶೇ 51ರ ಪಾಲುದಾರರಾಗಿದ್ದರು.

ಜನ ಆ ಕಂಪನಿಯನ್ನು ಮೊದಲಿನಿಂದ ದ್ವೇಷಿಸುತ್ತಿದ್ದರು ಅಂದರೆ ತಪ್ಪಾಗುತ್ತದೆ. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ ತುಂಗಭದ್ರೆಯ ದಂಡೆಗೆ ಆ ಕಾರ್ಖಾನೆ 1970ರ ದಶಕದಲ್ಲಿ ಬಂದಾಗ ನಮ್ಮ ಹಿರಿಯರಿಗೆ ಸಂಭ್ರಮವೇ ಆಗಿತ್ತು. ಚಿಮಣಿ ಕಂಡರೆ ಊರು ಉದ್ಧಾರವಾಯಿತು ಅನ್ನುವ ಕಾಲ. ಕಾರ್ಖಾನೆಯಲ್ಲಿ ಕಾಯಂ ನೌಕರಿ ಇದ್ದ ವರನಿಗೆ ಕನ್ಯಾ ಕೊಡಲು ಮಂದಿ ಮುಂದೆ ಬರುತ್ತಿದ್ದರು. ಆಮೇಲೆ ನದಿಯ ಬಣ್ಣ ಬದಲಾಯಿತು, ಕೆಳದಂಡೆಯಲ್ಲಿ ಮೀನು ಸತ್ತು ತೇಲಿದವು. ಆಗಲೂ ಮಾತು ಎದ್ದದ್ದು ತಡವಾಗಿಯೇ. ಒಂದೇ ಮನೆಯಲ್ಲಿ ಅಣ್ಣ ಕಾರ್ಖಾನೆಯ ಪಾಳಿಗೆ ಹೋಗುವವ, ತಮ್ಮ ಅದೇ ನದಿಯ ನೀರನ್ನು ಹೊಲಕ್ಕೆ ಎತ್ತುವವ ಆಗಿದ್ದರೆ ಯಾರು ಯಾರ ಮೇಲೆ ಅರ್ಜಿ ಬರೆಯಬೇಕು? ಜನಾಭಿಪ್ರಾಯ ಅನ್ನುವುದು ಇಲ್ಲಿ ಅಡುಗೆಮನೆಯಲ್ಲೇ ಎರಡಾಗಿತ್ತು.

ಒಪ್ಪಂದವಾಗಿ ಮೂರು ವಾರ ಕಳೆಯುವ ಮೊದಲೇ ಭೋಪಾಲದ ಅನಿಲ ದುರಂತ ಆಯಿತು. 1984ರ ಡಿಸೆಂಬರ್ 2-3ರ ಆ ರಾತ್ರಿಯ ನಂತರ ‘ಕಾರ್ಖಾನೆ’ ಎಂಬ ಶಬ್ದದ ಕಿಮ್ಮತ್ತೇ ಬೇರೆಯಾಯಿತು. 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಧಾರವಾಡದಲ್ಲಿ ಎಸ್.ಆರ್. ಹಿರೇಮಠ ಮತ್ತು ಸಂಗಡಿಗರ ಸಮಾಜ ಪರಿವರ್ತನ ಸಮುದಾಯ ಮೊದಲು ನದಿಯ ವಿಷಯ ಹಿಡಿಯಿತು, ಆಮೇಲೆ ಗಾಯರಾಣದ್ದು. ಶಿವರಾಮ ಕಾರಂತರು ಅರ್ಜಿದಾರರಾಗಿ ಜೊತೆಗೆ ನಿಂತರು. 1987ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನಷ್ಟು ಜಮೀನು ಹಸ್ತಾಂತರಿಸದಂತೆ ತಡೆ ಕೊಟ್ಟಿತು. ಕುಸನೂರಿನ ಸತ್ಯಾಗ್ರಹ ಅದಾದ ಮೇಲಿನದು. 1991ರಲ್ಲಿ ಪಲ್ಪ್‌ವುಡ್ ಕಂಪನಿ ಬಾಗಿಲು ಹಾಕಿತು.

ವ್ಯಾಪಾರದ ನೀತಿ-ಅನೀತಿಯ ಚರ್ಚೆ ಈ ನಾಡಿಗೆ 1984ರಲ್ಲಿ ಹೊಸದಾಗಿ ಬಂದದ್ದಲ್ಲ. ಹತ್ತಿ ಪೇಟೆಗಳಾಗಿ ಹೆಸರಾದ ಹುಬ್ಬಳ್ಳಿ, ಗದಗಗಳಲ್ಲಿ ಇದು ಹಳೆಯ ಜಗಳ. ಹಳೆಯ ಪೇಟೆಗಳಲ್ಲಿ ರುಮಾಲಿನ ಕೆಳಗೆ ಬೆರಳು ಹಿಡಿದು ದರ ಮಾಡುತ್ತಿದ್ದರು; ಮಾಲು ತಂದ ರೈತನಿಗೆ ಕೊನೆಯ ಅಂಕಿ ಮಾತ್ರ ಗೊತ್ತಾಗುತ್ತಿತ್ತು. ತೂಕದ ಕಡಿತ, ದಲಾಲಿ, ಹಮಾಲಿ ಎಲ್ಲ ಮುರಿದುಕೊಂಡ ಮೇಲೆ ಧರ್ಮದ ಹೆಸರಿನಲ್ಲೂ ಒಂದಿಷ್ಟು ಮುರಿಯುತ್ತಿದ್ದರು. ಆ ದುಡ್ಡಿನಿಂದ ಗೋಶಾಲೆ, ಛತ್ರ ನಡೆದವು ಎಂಬುದು ನಿಜ. ಪಟ್ಟಿಯಲ್ಲಿ ದಾನಿಯೆಂದು ಹೆಸರು ಬರುತ್ತಿದ್ದದ್ದು ಮಾತ್ರ ಸಾಹುಕಾರರದು. ಮುಂಬೈ ಪ್ರಾಂತ್ಯ 1927ರಲ್ಲಿ ಹತ್ತಿ ಮಾರುಕಟ್ಟೆ ಕಾಯ್ದೆ ತಂದದ್ದು ಇಂಥ ಕಡಿತಗಳಿಗೆ ಲಗಾಮು ಹಾಕಲು. ಅದಕ್ಕೂ ಮೊದಲು, 1905ರಲ್ಲೇ, ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರಿ ಸಂಘ ಕಟ್ಟಿದ್ದರು. ಸಾಹುಕಾರನ ನೀತಿ ಸುಧಾರಿಸಲಿ ಎಂದು ಕಾಯುತ್ತ ಕೂಡದೆ ಸಾಲದ ಪೆಟ್ಟಿಗೆಯನ್ನೇ ಊರೊಳಗೆ ತಂದಿಟ್ಟುಕೊಂಡ ಬುದ್ಧಿವಂತಿಕೆ ಅದು.

1994ರಲ್ಲಿ ದೊಡ್ಡ ಯೋಜನೆಗಳಿಗೆ ಪರಿಸರ ಪರಿಣಾಮದ ಅಧ್ಯಯನ ಕಡ್ಡಾಯವಾಯಿತು, 1997ರಲ್ಲಿ ಸಾರ್ವಜನಿಕ ಅಹವಾಲು ಸಭೆಯೂ ಸೇರಿತು. ಊರಿನ ಅಭಿಪ್ರಾಯಕ್ಕೆ ಕಾಯ್ದೆಯಲ್ಲಿ ಒಂದು ಕುರ್ಚಿ ಸಿಕ್ಕಿತು. ಅಂಥ ಸಭೆ ನೋಡಿದವರಿಗೆ ಆ ಕುರ್ಚಿ ಹೇಗಿರುತ್ತದೆಂದು ಗೊತ್ತು: ಶಾಮಿಯಾನ, ಎರಡು ಸಾಲು ಪೊಲೀಸರು, ಇಂಗ್ಲಿಷಿನ ದಪ್ಪ ವರದಿ, ಮೂರು ನಿಮಿಷಕ್ಕೆ ಬಂದಾಗುವ ಮೈಕು.

ಹಾಗಾಗಿ ದೊಡ್ಡ ಪರೀಕ್ಷೆ ಬಂದಾಗ ಅಭಿಪ್ರಾಯ ಶಾಮಿಯಾನದ ಹೊರಗೇ ರೂಪುಗೊಂಡಿತು. 2010ರ ಬಂಡವಾಳ ಹೂಡಿಕೆದಾರರ ಸಮಾವೇಶದಲ್ಲಿ ದಕ್ಷಿಣ ಕೊರಿಯಾದ ಪೋಸ್ಕೊ ಕಂಪನಿ ಸುಮಾರು 32,000 ಕೋಟಿ ರೂಪಾಯಿಯ ಉಕ್ಕಿನ ಕಾರ್ಖಾನೆಗೆ ಸಹಿ ಹಾಕಿತು. ಗುರುತಿಸಿದ ಜಾಗ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ಸುತ್ತಮುತ್ತಲ ಮೂರು ಸಾವಿರಕ್ಕೂ ಹೆಚ್ಚು ಎಕರೆ. ಗದಗದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ರೈತರ ಮುಂದೆ ನಿಂತರು. 2011ರ ಜುಲೈನಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪ ಭೂಸ್ವಾಧೀನ ನಿಲ್ಲಿಸಿದರು, 2013ರಲ್ಲಿ ಕಂಪನಿ ತಾನೇ ಕೈಬಿಟ್ಟಿತು. ಪ್ರಜಾಪ್ರಭುತ್ವದ ಪಾಠಗಳಲ್ಲಿ ಜನಾಭಿಪ್ರಾಯವೆಂದರೆ ಪತ್ರಿಕೆ, ಸಮೀಕ್ಷೆ, ಮತಪೆಟ್ಟಿಗೆ. ಗದಗದಲ್ಲಿ ಅದರ ಜೊತೆಗೆ ಮಠದ ಅಂಗಳವನ್ನೂ ಎಣಿಸಬೇಕು. ಎಲ್ಲ ಮಠಗಳ ಅಂಗಳವೂ ಹೀಗೇ ಇರುತ್ತದೆಂದು ನಾನೇನೂ ಹೇಳುತ್ತಿಲ್ಲ.

ಗದಗ ಜಿಲ್ಲೆಯ ಬೆಟ್ಟಸಾಲು ಕಪ್ಪತಗುಡ್ಡದ ಕಥೆ ಇದೇ ಹಾದಿಯದು. 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ ಸರ್ಕಾರ ಮರುವರ್ಷ ಆದೇಶವನ್ನೇ ಹಿಂತೆಗೆದುಕೊಂಡಿತು. ಗದಗ ಬೀದಿಗಿಳಿಯಿತು, 2017ರಲ್ಲಿ ಸಂರಕ್ಷಣೆ ಮರಳಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ಅದನ್ನು ನೋಡಲು ಸ್ವಾಮೀಜಿ ಇರಲಿಲ್ಲ; 2018ರ ಅಕ್ಟೋಬರ್‌ನಲ್ಲಿ ಲಿಂಗೈಕ್ಯರಾಗಿದ್ದರು.

ಈ ನಡುವೆ 2013ರ ಕಂಪನಿ ಕಾಯ್ದೆ ಬಂದು, ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ 2ನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂದಿತು. ಕಂಪನಿಗಳ ಸಾಮಾಜಿಕ ಹೊಣೆಯ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರ ಹಿಡಿದು ಜನ ಇದಕ್ಕೆ ‘ಸಿಎಸ್‌ಆರ್ ದುಡ್ಡು’ ಅನ್ನುತ್ತಾರೆ. ಶಾಸಕರ ನಿಧಿಯ ಹಾಗೆ ಅದೂ ಬೇಡುವ ಸಾಮಾನಾಗಿದೆ. ಧಾರವಾಡ ಸಮೀಪದ ಸರ್ಕಾರಿ ಶಾಲೆಯೊಂದರಲ್ಲಿ ನೀರಿನ ಫಿಲ್ಟರ್ ನೋಡಿದೆ. ಅದರ ಮೇಲೆ ಕಂಪನಿಯ ಹೆಸರು ಶಾಲೆಯ ಹೆಸರಿಗಿಂತ ದೊಡ್ಡದಾಗಿತ್ತು, ನಲ್ಲಿ ಒಣಗಿತ್ತು. ಹಳೇ ಪೇಟೆಯ ಧರ್ಮದ ಕಡಿತ ನೆನಪಾಯಿತು. ಲಾಭ ಬಂದ ದಾರಿ ಯಾವುದೆಂದು ಈ ಶೇ 2 ಕೇಳುವುದಿಲ್ಲ. ಕುಸನೂರಿನವರು ಕೇಳಿದ್ದು ಅದನ್ನೇ.

ಹಾಗಂತ ಇಂದಿನ ಹುಡುಗರ ಮುಂದೆ ಕುಸನೂರಿನ ಕಥೆ ಹೇಳಿ ಚಪ್ಪಾಳೆ ನಿರೀಕ್ಷಿಸುವಂತಿಲ್ಲ. ‘ಫ್ಯಾಕ್ಟರಿ ಬ್ಯಾಡ ಅಂದವ್ರು ನೌಕರಿ ಕೊಡ್ತಾರೇನ್ರೀ?’ ಅನ್ನುತ್ತಾರೆ. ಹಳ್ಳಿಗುಡಿ ಸೀಮೆಯಲ್ಲೂ ಭೂಮಿ ಕೊಡಲು ತಯಾರಿದ್ದವರು ಇದ್ದರು. ಮಳೆಯಾಶ್ರಿತ ಹೊಲ, ಮೇಲೆ ಸಾಲ ಇದ್ದವರಿಗೆ ಅದು ಆಸೆಬುರುಕತನವೇನೂ ಆಗಿರಲಿಲ್ಲ.

ಮುಂಡರಗಿಯಿಂದ ಗದಗಕ್ಕೆ ಬರುವ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹಿರಿಯರೊಬ್ಬರನ್ನು ಮಾತಿಗೆಳೆದೆ. ಪೋಸ್ಕೊ ವಿರುದ್ಧದ ಧರಣಿಗೆ ಹೋಗಿದ್ದಿರೇನು ಎಂದು ಕೇಳಿದೆ.

“ಹೋಗಿದ್ನಿರೀ ಸರ, ಮಠದ ಅಜ್ಜಾರು ಕರದಿದ್ರು. ಹೊಲಾ ಉಳೀತು.”

ಮಗ?

“ಹುಬ್ಬಳ್ಳ್ಯಾಗ ಅದಾನ್ರೀ, ಗ್ವಾಡೌನ್‌ನ್ಯಾಗ. ಹೊಲಕ್ಕ ಬರಂಗಿಲ್ಲ ಅಂತಾನ.”

ಅಷ್ಟರಲ್ಲಿ ಅವರಿಗೆ ಫೋನು ಬಂತು. ಗದಗ ಪೇಟೆಯಲ್ಲಿ ಇವತ್ತು ಕಡಲಿ ರೇಟು ಎಷ್ಟಾಗಿದೆ ಎಂದು ಜೋರಾಗಿ ಕೇಳತೊಡಗಿದರು.