ಒಂದೇ ಪಾಠ ಎಲ್ಲಾ ಕಡೆ ನಡೆಯಬೇಕು, ಮಗುವಿಗೆ ತಕ್ಕಂತೆ ಬದಲಾಗಲೂ ಬೇಕು: ಹೇಗೆ?

ಪ್ರಶ್ನೆ: ಗಣಿತದ ಕಂಪ್ಯೂಟರ್ ಪಾಠ ಮಾಡುತ್ತಿದ್ದೇನೆ. ಅದನ್ನೇ ಬೇರೆ ಕಡೆಯೂ ಬಳಸಬೇಕು, ಒಬ್ಬೊಬ್ಬ ಮಗುವಿಗೂ ಹೊಂದಿಕೊಳ್ಳಬೇಕು. ಯಾವ ಸಾಫ್ಟ್‌ವೇರ್ ಒಳ್ಳೆಯದು?

ಸಾಫ್ಟ್‌ವೇರ್ ಆಮೇಲೆ ನೋಡೋಣ. ಮೊದಲು ಮಕ್ಕಳ ಹಳೆಯ ಉತ್ತರಪತ್ರಿಕೆಗಳನ್ನು ತೆಗೆದುಕೊಂಡು ಕೂರಿ, ತಪ್ಪು ಉತ್ತರಗಳನ್ನಷ್ಟೇ ಓದಿ. ಪಾಠ ಯಾವಾಗ ಯಾವ ಕಡೆ ತಿರುಗಬೇಕು ಅನ್ನೋದು ಅಲ್ಲೇ ಸಿಗುತ್ತದೆ.

ದಶಮಾಂಶವನ್ನೇ ತಗೊಳ್ಳಿ. 0.35 ಮತ್ತು 0.4, ಯಾವುದು ದೊಡ್ಡದು? ಕೆಲವು ಮಕ್ಕಳು 0.35 ಅನ್ನುತ್ತಾರೆ, ಯಾಕೆಂದರೆ 4ಕ್ಕಿಂತ 35 ದೊಡ್ಡದಲ್ವಾ. ಇದು ಎಲ್ಲರಿಗೂ ಗೊತ್ತಿರುವ ತಪ್ಪು. ಆದರೆ ಇನ್ನೊಂದು ಗುಂಪಿದೆ: ಬಿಂದುವಿನ ನಂತರ ಅಂಕಿ ಜಾಸ್ತಿ ಆದಷ್ಟೂ ಸಂಖ್ಯೆ ಚಿಕ್ಕದಾಗುತ್ತದೆ ಅಂತ ನಂಬಿದವರು. ಅವರು 0.4 ಅನ್ನುತ್ತಾರೆ. ಉತ್ತರ ಸರಿ, ಕಾರಣ ಪೂರ್ತಿ ತಪ್ಪು! ಪಾಠ ಅವರಿಗೆ "ಶಭಾಷ್" ಅಂತ ಹೇಳಿ ಮುಂದಕ್ಕೆ ಕಳಿಸಿಬಿಡುತ್ತದೆ. ನನಗೆ ತುಂಬಾ ಸಂಕಟವಾಗೋದು ಇಲ್ಲೇ, ಆ ಮಗುವಿನ ತೊಂದರೆ ಯಾರ ಕಣ್ಣಿಗೂ ಬೀಳೋದಿಲ್ಲ.

ಅದಕ್ಕೇ ಎರಡನೇ ಪ್ರಶ್ನೆ ಬೇಕು: 0.35 ಮತ್ತು 0.2. ಈಗ ಮೊದಲ ಗುಂಪು ಸರಿ ಹೇಳುತ್ತದೆ, ಎರಡನೆಯದು ಸಿಕ್ಕಿಬೀಳುತ್ತದೆ. ಎರಡೇ ಪ್ರಶ್ನೆಯಲ್ಲಿ ಮೂರು ದಾರಿ ತೆರೆದುಕೊಂಡವು: ಎರಡೂ ಸರಿ ಹೇಳಿದವರಿಗೆ ಒಂದು, ಈ ಎರಡು ಗುಂಪಿಗೆ ಒಂದೊಂದು. ಇದಕ್ಕೆ ಕೃತಕ ಬುದ್ಧಿಮತ್ತೆಯೇನೂ ಬೇಕಿಲ್ಲ. 1950ರ ದಶಕದಲ್ಲೇ ಅಮೆರಿಕದ ನಾರ್ಮನ್ ಕ್ರೌಡರ್ ಅವರು ಹೀಗೆ ಪಾಠ ಕಟ್ಟಿದ್ದರು. ಕಲಿಯುವವರು ಯಾವ ಉತ್ತರ ಆರಿಸುತ್ತಾರೋ ಅದರ ಮೇಲೆ ಮುಂದಿನ ಪುಟ.

ಇನ್ನು ಮರುಬಳಕೆ. ವಿವರಣೆ, ಪ್ರಶ್ನೆ, ಉದಾಹರಣೆ ಮೂರನ್ನೂ ಬೇರೆ ಬೇರೆ ತುಂಡಾಗಿ ಇಡಿ. "ಕಳೆದ ಪಾಠದಲ್ಲಿ ನೋಡಿದ ಹಾಗೆ" ಅಂತ ಒಂದು ಸಾಲು ಬಂದರೂ ಆ ತುಂಡು ಹಿಂದಿನ ಪಾಠಕ್ಕೆ ಅಂಟಿಕೊಂಡಿತು ಅಂತಲೇ ಲೆಕ್ಕ. ಐದನೇ ತರಗತಿಗೆ ಮೀಟರ್ ಪಟ್ಟಿಯ ಉದಾಹರಣೆ ಸಾಕು: 0.4 ಮೀಟರ್ ಅಂದ್ರೆ 40 ಸೆಂಟಿಮೀಟರ್, 0.35 ಅಂದ್ರೆ 35. (ಪೈಸೆ ಲೆಕ್ಕ ಬೇಡ, ಈಗಿನ ಮಕ್ಕಳು ಪೈಸೆ ನೋಡಿಯೇ ಇಲ್ಲ.) ಐಟಿಐಯಲ್ಲಿ ಮೈಕ್ರೋಮೀಟರ್ ಹಿಡಿದು ಅಳತೆ ಕಲಿಯುವ ಹುಡುಗನಿಗೂ ಇದೇ ಗೊಂದಲ ಬರಬಹುದು, ಅವನಿಗೆ ಅದೇ ಎರಡು ಪ್ರಶ್ನೆ ಇಟ್ಟು ಉದಾಹರಣೆಯನ್ನು ಮಾತ್ರ ಮಿಲಿಮೀಟರಿಗೆ ಬದಲಿಸಿ. ಉದಾಹರಣೆಯನ್ನೇ ತೆಗೆದುಹಾಕಿದರೆ ಎಲ್ಲಾ ಕಡೆ ಹೊಂದುತ್ತದೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ಹಾಗೆ ಮಾಡಬೇಡಿ, ಉಳಿಯೋದು ಒಣ ಪಾಠ.

ಈಗ ಸಾಫ್ಟ್‌ವೇರ್. ಆನ್‌ಲೈನಿನಲ್ಲಿ ಪಾಠ ನಡೆಸುವ ಮೂಡಲ್ ಅನ್ನೋ ಸಾಫ್ಟ್‌ವೇರ್ ಉಚಿತ, ಅದರೊಳಗೆ ಎಚ್‌ಫೈವ್‌ಪಿ (H5P) ಅನ್ನೋ ಪಾಠ ಕಟ್ಟುವ ಸಲಕರಣೆ ಸೇರಿಸಿಕೊಂಡರೆ ಉತ್ತರಕ್ಕೆ ತಕ್ಕಂತೆ ಕವಲೊಡೆಯುವ ಪಾಠ ಮಾಡಬಹುದು. ಯಾರಾದರೂ "ಸ್ಕಾರ್ಮ್ ಇದೆಯಾ?" ಅಂತ ಕೇಳಿದರೆ ಗಾಬರಿ ಬೇಡ. ಪಾಠವನ್ನು ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಒಯ್ಯಲು, ಅಂಕ ದಾಖಲಿಸಲು ಇರುವ ಕಟ್ಟುಪಾಡು ಅದು. ಈಗಲೂ ಬಳಕೆಯಲ್ಲಿರುವ 1.2 ಆವೃತ್ತಿ ಬಂದದ್ದು 2001ರಲ್ಲಿ. ಸ್ಕಾರ್ಮ್ ಪೊಟ್ಟಣ ಕಟ್ಟಿದ ಮಾತ್ರಕ್ಕೆ ಪಾಠ ಮಗುವಿಗೆ ಹೊಂದಿಕೊಳ್ಳೋದಿಲ್ಲ, ಆ ಕವಲುಗಳನ್ನು ನೀವೇ ಬರೆಯಬೇಕು.

ನಾಲ್ಕನೆಯ ದಾರಿಯೊಂದಿದೆ, ಮರೀಬೇಡಿ: ಎರಡೂ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟ ಮಗು. ಅದಕ್ಕೆ ಇನ್ನೊಂದು ವಿಡಿಯೋ ತೋರಿಸಬೇಡಿ. "ಟೀಚರ್ ಹತ್ತಿರ ಹೋಗು" ಅಂತ ಪರದೆ ಮೇಲೆ ಬರಲಿ, ಟೀಚರಿಗೂ ಆ ಮಗುವಿನ ಎರಡು ಉತ್ತರ ಕಾಣಲಿ.